ಕೊಳ್ಳುವ ಸೇರು, ಕೊಡುವ ಸೇರು

ಪವಿತ್ರ ಕುರ್‌ಆನಿನಲ್ಲಿ 'ಅಲ್ ಮುತಫ್ಫಿಫೀನ್' ಎಂಬ ಅಧ್ಯಾಯವಿದೆ. ಅಳತೆಯಲ್ಲಿ ಮೋಸ ಮಾಡುವವರು ಎಂದು ಅದರ ಅರ್ಥ. ತಾನು ಕೊಳ್ಳುವಾಗ ಸೇರು ತುಂಬಿ ತುಳುಕಬೇಕು, ಇನ್ನೊಬ್ಬರಿಗೆ ಅಳೆದು ಕೊಡುವಾಗ ಸ್ವಲ್ಪ ಕಡಿಮೆಯಾದರೂ ನಡೆದೀತು ಎನ್ನುವ ವರ್ತಕನಿಗೆ ಅಲ್ಲಿ ಕಠಿಣ ಎಚ್ಚರಿಕೆಯಿದೆ. ಒಂದು ವಿಷಯವನ್ನು ಗಮನಿಸಬೇಕು. ಆ ವರ್ತಕನಿಗೆ ಸರಿಯಾದ ಅಳತೆ ಗೊತ್ತಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿದೆ. ತನ್ನ ಪಾಲಿಗೆ ಬರಬೇಕಾದಾಗ ಅವನು ಅದನ್ನು ತಪ್ಪದೆ ಬಳಸುತ್ತಾನೆ. ಒಂದೇ ಮನೆಯಲ್ಲಿ ಎರಡು ಸೇರು ಇಟ್ಟುಕೊಂಡಿರುವುದೇ ಅವನ ಅಪರಾಧ.

ಅಂಗಡಿಯ ತಕ್ಕಡಿಯ ಮಟ್ಟಿಗೆ ಈ ಮಾತು ಮಕ್ಕಳಿಗೂ ಅರ್ಥವಾಗುತ್ತದೆ. ಆದರೆ ವರ್ತಕ ಒಬ್ಬ ವ್ಯಕ್ತಿಯಾಗಿರದೆ ಒಂದು ದೇಶದ ಸರಕಾರವಾಗಿದ್ದರೆ? ಸರಕು ತೊಗರಿ ಬೇಳೆಯಾಗಿರದೆ ಕಚ್ಚಾ ತೈಲವಾಗಿದ್ದರೆ? ಕೊಡುವವನು ಮತ್ತು ಕೊಳ್ಳುವವನ ನಡುವೆ ಸಾವಿರಾರು ಕಿಲೋಮೀಟರ್ ಕೊಳವೆಯೂ ಒಂದು ಸಮುದ್ರವೂ ಇದ್ದರೆ? ಸರಕಾರಿ ಒಡೆತನದ ತೈಲ ಕಂಪೆನಿಗಳು ಹೊರದೇಶಗಳಲ್ಲಿ ಬಾವಿ ಕೊರೆಯುತ್ತವೆ, ಕೊಳವೆ ಹಾಕುತ್ತವೆ. ಲಾಭ ಬಂದರೆ ದೇಶದ ಬೊಕ್ಕಸಕ್ಕೆ, ಅಂದರೆ ನಮ್ಮ ಬೊಕ್ಕಸಕ್ಕೆ. ಆ ಕೊಳವೆಯ ದಾರಿಯಲ್ಲಿ ಅನ್ಯಾಯ ನಡೆದರೆ ಅದರ ಲೆಕ್ಕ ಯಾರ ಖಾತೆಗೆ?

ನೆಲ ಕೊಟ್ಟವರ ಪ್ರಶ್ನೆಗಳು

ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವ ಮೊದಲು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯತ್ತ ಒಮ್ಮೆ ನೋಡುವುದು ಒಳ್ಳೆಯದು. ಅಲ್ಲಿ ತೈಲ ಸಿಗುವುದಿಲ್ಲ. ಆದರೆ ನೆಲದಡಿಯ ಸಂಪತ್ತಿಗಾಗಿ ಹೊಲ ಬಿಟ್ಟುಕೊಡುವುದು ಎಂದರೇನೆಂದು ಅಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೆ ಕಪ್ಪು ಮಣ್ಣು, ತೊಗರಿ, ಜೋಳ. ಕೆಳಗೆ ಸುಣ್ಣದ ಕಲ್ಲು. ಶಹಾಬಾದಿನ ಫರಸಿ ಕಲ್ಲು ದೇಶದ ಎಷ್ಟೋ ಊರುಗಳ ಮನೆಗಳಿಗೆ, ಮಸೀದಿ ಮಂದಿರಗಳಿಗೆ ನೆಲಹಾಸಾಗಿದೆ. ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ, ವಾಡಿಯಲ್ಲಿ, ಸೇಡಂನಲ್ಲಿ, ಈಚೆಗೆ ಚಿತ್ತಾಪುರ ಮತ್ತು ಚಿಂಚೋಳಿ ತಾಲೂಕುಗಳಲ್ಲೂ ಸಿಮೆಂಟ್ ಕಾರ್ಖಾನೆಗಳು ಎದ್ದಿವೆ. ಕಲ್ಲು ಸುಡುವ ಕುಲುಮೆಗಳಿಗೆ ಹೊರಗಿನಿಂದ ಕಲ್ಲಿದ್ದಲು ಬರಬೇಕು. ಕಚ್ಚಾ ತೈಲವನ್ನು ಶುದ್ಧೀಕರಿಸಿದ ಮೇಲೆ ಉಳಿಯುವ ಪೆಟ್‌ಕೋಕ್ ಕೂಡ ಸಿಮೆಂಟ್ ಕುಲುಮೆಗಳಲ್ಲಿ ಉರಿಯುತ್ತದೆ. ಆದ್ದರಿಂದ ತೈಲದ ಕಥೆ ಈ ಸೀಮೆಗೆ ಅನ್ಯವಾದುದಲ್ಲ.

ಇಲ್ಲಿ ಒಡೆಯರು ಬದಲಾಗುತ್ತಾ ಬಂದಿದ್ದಾರೆ. 1936ರಲ್ಲಿ ಹಲವು ಕಂಪೆನಿಗಳು ಕೂಡಿ ಆದ ಎ.ಸಿ.ಸಿ., 2005ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಕೈಗೆ ಬಂತು. 2022ರಲ್ಲಿ ಅದಾನಿ ಸಮೂಹದ ಪಾಲಾಯಿತು. ಬೋರ್ಡು ಬದಲಾದರೂ ಗಣಿಯ ಗುಂಡಿ ಅಲ್ಲೇ ಇರುತ್ತದೆ, ಊರೂ ಅಲ್ಲೇ ಇರುತ್ತದೆ. ಸರಕಾರವೇ ಒಡೆಯನಾದ ಉದಾಹರಣೆಯೂ ಇದೆ. ಸೇಡಂ ತಾಲೂಕಿನ ಕುರಕುಂಟಾದಲ್ಲಿ ಭಾರತ ಸರಕಾರದ ಸಿಮೆಂಟ್ ಕಾರ್ಪೊರೇಶನ್ ಆಫ್ ಇಂಡಿಯಾ 1970ರ ದಶಕದಲ್ಲಿ ಕಾರ್ಖಾನೆ ನಡೆಸತೊಡಗಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಸಾಮರ್ಥ್ಯದ ಆ ಕಾರ್ಖಾನೆ ನಷ್ಟಕ್ಕೆ ಸಿಲುಕಿ 1998ರಲ್ಲಿ ನಿಂತಿತು. ದೇಶದ ಹೆಸರಿನಲ್ಲಿ ಪಡೆದ ನೆಲ, ದೇಶದ ಹೆಸರಿನಲ್ಲಿ ಕೊಟ್ಟ ನೌಕರಿ, ಎರಡೂ ಒಂದು ದಿನ ಅರ್ಥ ಕಳೆದುಕೊಂಡು ನಿಂತುಬಿಡಬಹುದು ಎಂಬುದಕ್ಕೆ ಅದು ಸಾಕ್ಷಿ.

ಕೊಳವೆಗಾಗಿ ಭೂಮಿ ಪಡೆಯುವ ರೀತಿಯೇ ಬೇರೆ. ಅದಕ್ಕೆಂದೇ 1962ರ ಕಾಯ್ದೆಯೊಂದಿದೆ. ಅದರ ಪ್ರಕಾರ ಸರಕಾರ ಹೊಲವನ್ನು ಪಡೆಯುವುದಿಲ್ಲ, ಹೊಲದ 'ಉಪಯೋಗದ ಹಕ್ಕ'ನ್ನು ಮಾತ್ರ ಪಡೆಯುತ್ತದೆ. ಪಹಣಿ ರೈತನ ಹೆಸರಿನಲ್ಲೇ ಉಳಿಯುತ್ತದೆ. ಆದರೆ ಆ ಪಟ್ಟಿಯ ಮೇಲೆ ಅವನು ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಆಕ್ಷೇಪಣೆ ಸಲ್ಲಿಸಲು ಅಧಿಸೂಚನೆಯ ದಿನದಿಂದ 21 ದಿನ. ಬೆಳೆ ಹಾಳಾದುದಕ್ಕೆ ಬೇರೆ ಪರಿಹಾರ. ಹಕ್ಕು ಬಿಟ್ಟುಕೊಟ್ಟದ್ದಕ್ಕೆ ಭೂಮಿಯ ಮಾರುಕಟ್ಟೆ ಬೆಲೆಯ ಶೇ. 10. ಭಾರತೀಯ ಅನಿಲ ಪ್ರಾಧಿಕಾರ, ಅಂದರೆ ಗೇಲ್, ಕೊಚ್ಚಿಯಿಂದ ಮಂಗಳೂರಿಗೆ 450 ಕಿ.ಮೀ. ಅನಿಲ ಕೊಳವೆ ಹಾಕುವಾಗ 2017ರ ನವೆಂಬರಿನಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಮುಕ್ಕಂ ಬಳಿ ಜನ ಬೀದಿಗಿಳಿದರು. ಬಳಿಕ ಕೇರಳ ಸರಕಾರ ಪರಿಹಾರವನ್ನು ಹೆಚ್ಚಿಸಿತು. 2021ರ ಜನವರಿ 5ರಂದು ಆ ಕೊಳವೆ ಉದ್ಘಾಟನೆಯಾಯಿತು. ಕಾಕಿನಾಡದ ಕಡೆಯಿಂದ ಗುಜರಾತಿನ ಭರೂಚ್‌ಗೆ ಹೋಗುವ ಖಾಸಗಿ ಅನಿಲ ಕೊಳವೆಯೂ 2009ರಿಂದ ಕರ್ನಾಟಕದ ಈಶಾನ್ಯ ಮೂಲೆಯನ್ನು ಹಾದು ಹೋಗುತ್ತಿದೆ.

ನೆಲ ಬಿಟ್ಟುಕೊಟ್ಟವನು ಯಾವ ಊರಿನವನೇ ಆಗಿರಲಿ, ಅವನು ಕೇಳುವುದು ಮೂರು ಮಾತು. ಮೊದಲೇ ನಮ್ಮನ್ನು ಕೇಳಿದಿರಾ? ಕಳೆದುಕೊಂಡದ್ದಕ್ಕೆ ಸರಿಯಾಗಿ ಬೆಲೆ ಕಟ್ಟಿದಿರಾ? ಕೆಲಸ ಮುಗಿದು ಹೋಗುವಾಗ ನಮಗೆ ಏನು ಬಿಟ್ಟು ಹೋಗುತ್ತೀರಿ? ಇವು ದೊಡ್ಡ ತತ್ವಶಾಸ್ತ್ರದ ಪ್ರಶ್ನೆಗಳಲ್ಲ. ಆದರೆ ನ್ಯಾಯದ ಸೇರು ಎಂದರೆ ಇದೇ. ಇದು ನಮ್ಮ ಕೈಯಲ್ಲಿ ಈಗಾಗಲೇ ಇದೆ. ನಮಗೆ ಬರಬೇಕಾದಾಗ ನಾವು ಇದನ್ನು ಹಿಡಿದುಕೊಂಡೇ ತಹಶೀಲ್ದಾರರ ಕಚೇರಿಗೆ ಹೋಗುತ್ತೇವೆ.

ಈಗ ಇದೇ ಸೇರನ್ನು ಹಿಡಿದು ಕೊಳವೆಯ ಇನ್ನೊಂದು ತುದಿಗೆ ಹೋಗೋಣ.

2003ರ ಮಾರ್ಚ್

2003ರ ಮಾರ್ಚ್ ತಿಂಗಳಲ್ಲಿ ನಮ್ಮ ದೇಶದ ಸರಕಾರಿ ತೈಲ ಕಂಪೆನಿ ಒ.ಎನ್.ಜಿ.ಸಿ. ಎರಡು ದೊಡ್ಡ ವ್ಯವಹಾರ ಮಾಡಿತು. ಮೊದಲನೆಯದು, ಬಿರ್ಲಾ ಸಮೂಹದ ಪಾಲನ್ನು ಕೊಂಡು ಮಂಗಳೂರಿನ ಎಂ.ಆರ್.ಪಿ.ಎಲ್. ಸಂಸ್ಕರಣಾಗಾರವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಎರಡನೆಯದು, ಅದರ ವಿದೇಶಿ ವಿಭಾಗ ಒ.ಎನ್.ಜಿ.ಸಿ. ವಿದೇಶ್, ಸುಡಾನಿನ ಗ್ರೇಟರ್ ನೈಲ್ ತೈಲ ಯೋಜನೆಯಲ್ಲಿ ಕೆನಡಾದ ಟ್ಯಾಲಿಸ್ಮನ್ ಕಂಪೆನಿಗಿದ್ದ ಶೇ. 25ರ ಪಾಲನ್ನು ಸುಮಾರು 70 ಕೋಟಿ ಡಾಲರಿಗೆ ಕೊಂಡಿತು. ಉಳಿದ ಪಾಲಿನಲ್ಲಿ ಚೀನಾದ ಸರಕಾರಿ ಕಂಪೆನಿಗೆ ಶೇ. 40, ಮಲೇಶಿಯಾದ ಸರಕಾರಿ ಕಂಪೆನಿ ಪೆಟ್ರೊನಾಸ್‌ಗೆ ಶೇ. 30, ಸುಡಾನಿನ ಸರಕಾರಿ ಕಂಪೆನಿಗೆ ಶೇ. 5. ಟ್ಯಾಲಿಸ್ಮನ್ ಹೊರಟ ಮೇಲೆ ಅಲ್ಲಿ ಉಳಿದವು ನಾಲ್ಕು ಸರಕಾರಿ ಕಂಪೆನಿಗಳು ಮಾತ್ರ.

ಸುಡಾನಿನ ದಕ್ಷಿಣ ಭಾಗದ ತೈಲ ಬಾವಿಗಳಿಂದ ಕೆಂಪು ಸಮುದ್ರದ ದಡಕ್ಕೆ ಸುಮಾರು 1,600 ಕಿ.ಮೀ. ಉದ್ದದ ಕೊಳವೆ 1999ರಲ್ಲೇ ಸಿದ್ಧವಾಗಿತ್ತು. 2003ರ ಮೇ ತಿಂಗಳಲ್ಲಿ ಆ ತೈಲದಲ್ಲಿ ಭಾರತದ ಪಾಲಿನ ಮೊದಲ ಹಡಗು ಮಂಗಳೂರಿಗೆ ಬಂತು. ಮುಂದೆ ಒ.ಎನ್.ಜಿ.ಸಿ. ವಿದೇಶ್ ತಾನೇ ಮುಂದಾಳಾಗಿ ಖಾರ್ತೂಮಿನಿಂದ ಪೋರ್ಟ್ ಸುಡಾನಿಗೆ 741 ಕಿ.ಮೀ. ಉದ್ದದ ಇನ್ನೊಂದು ಕೊಳವೆಯನ್ನು ಸುಡಾನ್ ಸರಕಾರಕ್ಕಾಗಿ ನಿರ್ಮಿಸಿತು. ಅದು 2005ರಲ್ಲಿ ಪೂರ್ತಿಯಾಯಿತು. ಇದರ ಹಣದ ಬಾಕಿಗಾಗಿ ಭಾರತ ವರ್ಷಗಟ್ಟಲೆ ಕಾಯಬೇಕಾಗಿ ಬಂದದ್ದು ಬೇರೆ ಮಾತು.

ಪತ್ರಿಕೆಗಳು ಇದನ್ನು ದೇಶದ ಹೆಮ್ಮೆಯ ಸಂಗತಿಯೆಂದು ವರದಿ ಮಾಡಿದವು. ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ. ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 80ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶ, ಹೊರಗೆ ಸ್ವಂತ ಬಾವಿಯಲ್ಲಿ ಪಾಲು ಪಡೆಯುವುದು ಬುದ್ಧಿವಂತಿಕೆಯೇ. ಆದರೆ ಕೆನಡಾದ ಆ ಕಂಪೆನಿ ಲಾಭ ತರುವ ಬಾವಿಗಳನ್ನು ಬಿಟ್ಟು ಏಕೆ ಹೊರಟಿತು ಎಂಬುದನ್ನು ನಮ್ಮಲ್ಲಿ ಕೇಳಿದವರು ಕಡಿಮೆ.

ಕೊಳವೆಯ ಬುಡದಲ್ಲಿ

1970ರ ದಶಕದ ಕೊನೆಯಲ್ಲಿ ಅಮೆರಿಕದ ಶೆವ್ರಾನ್ ಕಂಪೆನಿ ದಕ್ಷಿಣ ಸುಡಾನಿನ ಬೆಂಟಿಯು ಆಸುಪಾಸಿನಲ್ಲಿ ತೈಲ ಕಂಡುಹಿಡಿಯಿತು. ಅಲ್ಲಿ ನುಎರ್ ಮತ್ತು ಡಿಂಕಾ ಎಂಬ ದನಗಾಹಿ ಜನಾಂಗಗಳು ವಾಸಿಸುತ್ತಿದ್ದವು. 1983ರಲ್ಲಿ ಉತ್ತರದ ಸರಕಾರಕ್ಕೂ ದಕ್ಷಿಣದ ಬಂಡಾಯಗಾರರಿಗೂ ಯುದ್ಧ ಮರಳಿ ಶುರುವಾಯಿತು. 1984ರಲ್ಲಿ ತನ್ನ ನೌಕರರ ಹತ್ಯೆಯಾದ ಮೇಲೆ ಶೆವ್ರಾನ್ ಕೆಲಸ ನಿಲ್ಲಿಸಿತು, ಕೊನೆಗೆ ದೇಶ ಬಿಟ್ಟಿತು. ಆಮೇಲೆ ಬಂದವರು ಏಷ್ಯಾದ ಸರಕಾರಿ ಕಂಪೆನಿಗಳು ಮತ್ತು ಕೆನಡಾ, ಯುರೋಪಿನ ಕೆಲವು ಖಾಸಗಿ ಕಂಪೆನಿಗಳು.

ತೈಲ ಪ್ರದೇಶವನ್ನು 'ಸುರಕ್ಷಿತ'ಗೊಳಿಸಲು ಸರಕಾರಿ ಸೈನ್ಯ ಮತ್ತು ಅದರ ಬೆಂಬಲದ ಪಡೆಗಳು ಹಳ್ಳಿಗಳನ್ನು ಸುಟ್ಟವು, ಬಾಂಬು ಹಾಕಿದವು, ಜನರನ್ನು ದನಕರುಗಳ ಸಮೇತ ಓಡಿಸಿದವು. ಕೆನಡಾ ಸರಕಾರವೇ ಕಳುಹಿಸಿದ ಹಾರ್ಕರ್ ನಿಯೋಗ 2000ದಲ್ಲಿ ಕೊಟ್ಟ ವರದಿ, ತೈಲವು ಯುದ್ಧವನ್ನು ಉಲ್ಬಣಗೊಳಿಸುತ್ತಿದೆ ಎಂದು ಹೇಳಿತು. ಕಂಪೆನಿಗಳು ಬಳಸುವ ಹೆಗ್ಲಿಗ್ ವಿಮಾನದಾಣದಿಂದ ಸೇನೆಯ ವಿಮಾನಗಳೂ ಹಾರಿದ್ದವೆಂದು ಅದು ದಾಖಲಿಸಿತು. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಸುಡಾನಿನ ತೈಲ ಮತ್ತು ಮಾನವ ಹಕ್ಕುಗಳ ಬಗ್ಗೆ ದೀರ್ಘ ವರದಿ ಪ್ರಕಟಿಸಿತು. ಚರ್ಚುಗಳು, ಮಾನವ ಹಕ್ಕು ಸಂಘಟನೆಗಳು ಮತ್ತು ಷೇರುದಾರರ ಒತ್ತಡ ತಾಳಲಾರದೆ ಟ್ಯಾಲಿಸ್ಮನ್ ಹೊರಟಿತು. ಅದು ಬಿಟ್ಟ ಕುರ್ಚಿಯಲ್ಲಿ ನಾವು ಕುಳಿತೆವು.

ನಾವು ಎಂದು ಬರೆಯಲು ಕಾರಣವಿದೆ. ಟ್ಯಾಲಿಸ್ಮನ್ ಖಾಸಗಿಯವರದು. ಅದರ ಷೇರುದಾರನಿಗೆ ಮನಸ್ಸು ಚುಚ್ಚಿದರೆ ಷೇರು ಮಾರಿ ಕೈತೊಳೆದುಕೊಳ್ಳಬಹುದು. ಸರಕಾರಿ ಕಂಪೆನಿಯ ಒಡೆತನದಿಂದ ಪ್ರಜೆ ಹಾಗೆ ಕೈತೊಳೆದುಕೊಳ್ಳುವಂತಿಲ್ಲ. ಸೇಡಂನಲ್ಲಿ ತೊಗರಿ ಮಾರುವ ರೈತನೂ ಶಹಾಬಾದಿನಲ್ಲಿ ಫರಸಿ ಸೀಳುವ ಕೂಲಿಕಾರನೂ, ತಮಗೆ ಅರಿವಿಲ್ಲದೆಯೇ, ಸುಡಾನಿನ ಆ ಬಾವಿಗೆ ಪಾಲುದಾರರು.

ಉದ್ದೇಶ ಮತ್ತು ಅರಿವು

ಸುಡಾನಿನ ಪ್ರೆಸ್ಬಿಟೇರಿಯನ್ ಚರ್ಚ್ ಮತ್ತು ಇತರರು 2001ರಲ್ಲಿ ಟ್ಯಾಲಿಸ್ಮನ್ ವಿರುದ್ಧ ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. 2006ರಲ್ಲಿ ಅದು ವಜಾ ಆಯಿತು. 2009ರಲ್ಲಿ ಮೇಲಿನ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಆ ತೀರ್ಪಿನ ತರ್ಕ ಯೋಚಿಸತಕ್ಕದ್ದು. ಅಪರಾಧಕ್ಕೆ ನೆರವಾದನೆಂದು ಹೇಳಬೇಕಾದರೆ, ಅಪರಾಧ ನಡೆಯುತ್ತಿದೆಯೆಂಬ ಅರಿವು ಮಾತ್ರ ಸಾಲದು, ಅದು ನಡೆಯಲಿ ಎಂಬ ಉದ್ದೇಶ ಇರಬೇಕು ಎಂದು ನ್ಯಾಯಾಲಯ ಹೇಳಿತು. ಅಂಥ ಉದ್ದೇಶಕ್ಕೆ ಪುರಾವೆಯಿಲ್ಲ, ಆದ್ದರಿಂದ ಕಂಪೆನಿ ಹೊಣೆಯಲ್ಲ. ಇದಕ್ಕೆ ಹೋಲುವ ಇನ್ನೊಂದು ಮೊಕದ್ದಮೆ ಸ್ವೀಡನ್ನಿನ ಲುಂಡಿನ್ ಕಂಪೆನಿಯ ಹಿಂದಿನ ಇಬ್ಬರು ಮುಖ್ಯಸ್ಥರ ಮೇಲೆ ಹೂಡಲ್ಪಟ್ಟು, 2023ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಅದರ ವಿಚಾರಣೆ ಆರಂಭವಾಯಿತು. ಅವರು ಆರೋಪವನ್ನು ನಿರಾಕರಿಸಿದ್ದಾರೆ.

ಕರ್ಮಗಳ ಬೆಲೆ ನಿಯ್ಯತ್ತಿನ ಮೇಲೆ ನಿಂತಿದೆ ಎಂದು ನಂಬುವ ಮುಸ್ಲಿಮನಿಗೆ ಮೊದಲ ನೋಟಕ್ಕೆ ಈ ತೀರ್ಪು ಹಿಡಿಸಬಹುದು. ತೈಲ ಕಂಪೆನಿಯ ನಿಯ್ಯತ್ತು ತೈಲ ತೆಗೆಯುವುದು, ಹಳ್ಳಿ ಸುಡುವುದಲ್ಲವಲ್ಲ? ಆದರೆ ನಿಯ್ಯತ್ತನ್ನು ಹೀಗೆ ತಿಳಿಯುವುದು ಸರಿಯಲ್ಲ. ಒಳ್ಳೆಯ ನಿಯ್ಯತ್ತು ಒಳ್ಳೆಯ ಕೆಲಸಕ್ಕೆ ಬೆಲೆ ತರುತ್ತದೆ. ಕೆಟ್ಟ ಕೆಲಸವನ್ನು ಅದು ಹಲಾಲ್ ಮಾಡುವುದಿಲ್ಲ. ಕದ್ದ ಎತ್ತು ಎಂದು ತಿಳಿದೂ ಸಂತೆಯಲ್ಲಿ ಅಗ್ಗಕ್ಕೆ ಕೊಂಡವನು, 'ಕಳ್ಳತನ ನನ್ನ ಉದ್ದೇಶವಾಗಿರಲಿಲ್ಲ, ಉಳುಮೆ ನನ್ನ ಉದ್ದೇಶ' ಎಂದರೆ ಊರ ಪಂಚರು ಒಪ್ಪುತ್ತಾರೆಯೆ? ನ್ಯಾಯಾಲಯದ ಅಳತೆ ಶಿಕ್ಷೆ ಕೊಡಲು ಬೇಕಾದ ಅಳತೆ. ಅದು ಬಿಗಿಯಾಗಿರಬೇಕಾದುದೇ. ಅಂತಃಸಾಕ್ಷಿಯ ಅಳತೆ ಬೇರೆ. ಅಲ್ಲಿ ತಿಳಿದ ಕ್ಷಣದಿಂದಲೇ ಹೊಣೆ ಶುರು. ತಿಳಿಯಬಹುದಾಗಿದ್ದರೂ ತಿಳಿಯಲು ಹೋಗದವನಿಗೂ ಅಲ್ಲಿ ವಿನಾಯಿತಿಯಿಲ್ಲ. ಭಾರತ ಆ ಪಾಲನ್ನು ಕೊಳ್ಳುವಾಗ ಕೆನಡಾದ ವರದಿ ಬಂದು ಮೂರು ವರ್ಷವಾಗಿತ್ತು.

ನಾವು ಕೊಡುವ ಸಮಜಾಯಿಷಿಗಳು

ಇದಕ್ಕೆ ಸಾಮಾನ್ಯವಾಗಿ ಕೆಲವು ಉತ್ತರಗಳು ಬರುತ್ತವೆ. ಅವನ್ನು ಹಗುರವಾಗಿ ತಳ್ಳಿಹಾಕಬಾರದು.

ನಾವು ಕೊಳ್ಳದಿದ್ದರೆ ಚೀನಾ ಕೊಳ್ಳುತ್ತಿತ್ತು ಎಂಬುದು ಒಂದು. ನಿಜವಿರಬಹುದು. ಆದರೆ ಇನ್ನೊಬ್ಬ ಮಾಡುತ್ತಿದ್ದ ಎಂಬುದು ನನ್ನ ಕೆಲಸವನ್ನು ಸರಿ ಮಾಡುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು: ನಾಲ್ಕರಲ್ಲಿ ಒಂದು ಪಾಲಿನ ಒಡೆಯನ ಮಾತಿಗೆ ಬೆಲೆಯಿರುತ್ತದೆ. ನಾವು ಒಳಗಿದ್ದದ್ದರಿಂದ ಅಲ್ಲಿನ ಜನರಿಗೆ ಏನಾದರೂ ಒಳಿತಾಯಿತೇ ಎಂದು ಕೇಳಿದರೆ ಈ ವಾದಕ್ಕೆ ಅರ್ಥ ಬರುತ್ತದೆ. ಒಳಗಿದ್ದೂ ತುಟಿ ಬಿಚ್ಚದಿದ್ದರೆ ಅದು ಬರೀ ನೆಪವಾಗುತ್ತದೆ.

ಎರಡನೆಯದು ಅಗತ್ಯದ ವಾದ. ಬಡವನ ಅಡುಗೆಮನೆಗೆ ಗ್ಯಾಸು, ರೈತನ ಟ್ರ್ಯಾಕ್ಟರಿಗೆ ಡೀಸೆಲ್ ಬೇಕು. ಇದು ನಿಜವಾದ ಅಗತ್ಯ. ಇಸ್ಲಾಮೀ ಧರ್ಮಶಾಸ್ತ್ರವೂ ಅನಿವಾರ್ಯತೆಯನ್ನು ಮನ್ನಿಸುತ್ತದೆ. ಆದರೆ ಅದರ ಜೊತೆಗೇ ಫಿಕ್ಹ್ ಪಂಡಿತರು ಇನ್ನೊಂದು ನಿಯಮವನ್ನೂ ಇಟ್ಟಿದ್ದಾರೆ. ಒಬ್ಬನ ಅನಿವಾರ್ಯತೆ ಇನ್ನೊಬ್ಬನ ಹಕ್ಕನ್ನು ಅಳಿಸುವುದಿಲ್ಲ. ಹಸಿವಿನಿಂದ ಸಾಯುವ ಸ್ಥಿತಿಯಲ್ಲಿ ಪರರ ರೊಟ್ಟಿ ತಿಂದವನು ಪಾಪಿಯಲ್ಲ, ಆದರೆ ರೊಟ್ಟಿಯ ಬೆಲೆ ಅವನ ಮೇಲೆ ಸಾಲವಾಗಿ ಉಳಿಯುತ್ತದೆ. ನಮ್ಮ ಅಗತ್ಯ ದೊಡ್ಡದಾದಷ್ಟೂ ಸಾಲವೂ ದೊಡ್ಡದು.

ಮೂರನೆಯದು ಪಾಶ್ಚಾತ್ಯರ ಇಬ್ಬಂದಿತನ. ಸುಡಾನಿನ ಬಗ್ಗೆ ಕಣ್ಣೀರಿಡುವವರು ಯಾರು? ಅದೇ 2003ರ ಮಾರ್ಚಿನಲ್ಲಿ, ಇಲ್ಲದ ಅಸ್ತ್ರಗಳ ಹೆಸರಿನಲ್ಲಿ, ತೈಲದ ನಾಡಾದ ಇರಾಕಿನ ಮೇಲೆ ಅಮೆರಿಕ ಮತ್ತು ಬ್ರಿಟನ್ ದಾಳಿ ಮಾಡಿದವು. ಅವರಿಂದ ನೀತಿಪಾಠ ಕೇಳಬೇಕೆ ಎಂಬ ಸಿಟ್ಟು ಸಹಜ. ಆದರೆ ಇರಾಕಿನ ಮೇಲಾದ ಅನ್ಯಾಯ ಬೆಂಟಿಯುವಿನ ದನಗಾಹಿಯ ಸುಟ್ಟ ಗುಡಿಸಲಿಗೆ ಉತ್ತರವಲ್ಲ. ಪಕ್ಕದ ಅಂಗಡಿಯವನ ತಕ್ಕಡಿ ಸುಳ್ಳೆಂದು ನನ್ನ ತಕ್ಕಡಿಗೆ ರಿಯಾಯಿತಿ ಸಿಗುವುದಿಲ್ಲ.

ಇನ್ನೊಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಖಾರ್ತೂಮಿನ ಸರಕಾರ ಇಸ್ಲಾಮಿನ ಹೆಸರು ಹೇಳುತ್ತಿತ್ತು. ದಕ್ಷಿಣದವರಲ್ಲಿ ಬಹುಪಾಲು ಕ್ರೈಸ್ತರು, ಇಲ್ಲವೇ ತಮ್ಮ ಹಿರೀಕರ ನಂಬಿಕೆಯನ್ನು ಪಾಲಿಸುವವರು. ಆ ಯುದ್ಧಕ್ಕೆ ಜಿಹಾದ್ ಎಂದೂ ಹೆಸರಿಟ್ಟಿದ್ದರು. ಮುಸ್ಲಿಂ ಸರಕಾರವೊಂದನ್ನು ಜಗತ್ತೆಲ್ಲ ಬೈಯುವಾಗ ನಾವೂ ದನಿಗೂಡಿಸಬೇಕೆ ಎಂಬ ಹಿಂಜರಿಕೆ ಮುಸ್ಲಿಂ ಓದುಗನಲ್ಲಿ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ದಬ್ಬಾಳಿಕೆ ಮಾಡುವ ಸಹೋದರನಿಗೆ ನೆರವಾಗುವುದೆಂದರೆ ಅವನ ಕೈ ಹಿಡಿದು ತಡೆಯುವುದು ಎಂದು ಕಲಿಸಿದವರು ಪ್ರವಾದಿ(ಸ)ಯವರು. ನ್ಯಾಯಕ್ಕಾಗಿ ಸ್ವಂತ ಬಂಧುಗಳ ವಿರುದ್ಧವೂ ಸಾಕ್ಷಿ ನುಡಿಯಬೇಕೆಂಬುದು ಕುರ್‌ಆನಿನ ಆದೇಶ.

ಈ ಹಿಂಜರಿಕೆಯನ್ನು ಒರೆಗೆ ಹಚ್ಚಲು ಇನ್ನೊಂದು ಕೊಳವೆ ಇದೆ. ಮ್ಯಾನ್ಮಾರಿನ ರಖೈನ್ ಕಡಲಿನ ಶ್ವೇ ಅನಿಲ ನಿಕ್ಷೇಪದಲ್ಲಿ ಒ.ಎನ್.ಜಿ.ಸಿ. ವಿದೇಶ್ ಮತ್ತು ಗೇಲ್ ಎರಡಕ್ಕೂ ಪಾಲಿದೆ. ಅಲ್ಲಿಂದ ಚೀನಾಕ್ಕೆ ಹೋಗುವ ಕೊಳವೆಯಲ್ಲೂ ಈ ಎರಡು ಭಾರತೀಯ ಕಂಪೆನಿಗಳು ಸಣ್ಣ ಪಾಲು ಪಡೆದವು. 2013ರಲ್ಲಿ ಅನಿಲ ಹರಿಯತೊಡಗಿತು. ಆ ಕೊಳವೆ ದಡ ಸೇರುವ ಊರು ಕ್ಯಾಕ್‌ಪ್ಯೂ. 2012ರ ಅಕ್ಟೋಬರಿನ ಹಿಂಸಾಚಾರದಲ್ಲಿ ಆ ಊರಿನ ಮುಸ್ಲಿಮರ ಕೇರಿ ಸುಟ್ಟು ಬೂದಿಯಾಯಿತು, ಜನ ದೋಣಿಗಳಲ್ಲಿ ಓಡಿದರು. ಕೊಳವೆಗಾಗಿಯೇ ಅದು ನಡೆಯಿತೆಂದು ಹೇಳಲಾಗದು. ಆದರೆ ಅಂಥ ನಾಡಿನ ಅನಿಲದಲ್ಲಿ ಆಳುವವರ ಜೊತೆ ಪಾಲುದಾರನಾದವನಿಗೆ ಏನೂ ಸಂಬಂಧವಿಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. 2021ರ ಸೇನಾ ದಂಗೆಯ ನಂತರ, 2022ರ ಜನವರಿಯಲ್ಲಿ ಫ್ರಾನ್ಸಿನ ಟೋಟಲ್ ಮತ್ತು ಅಮೆರಿಕದ ಶೆವ್ರಾನ್ ಆ ದೇಶದಿಂದ ಹೊರಡುವುದಾಗಿ ಪ್ರಕಟಿಸಿದವು.

ರಖೈನಿನ ಸುದ್ದಿ ಕೇಳಿ ನಮ್ಮ ಎದೆ ಹಿಂಡಿತು. ಹಿಂಡಲೇಬೇಕು. ಬೆಂಟಿಯುವಿನ ಸುದ್ದಿಗೆ ಅದು ಅಷ್ಟೇ ಹಿಂಡಿತೇ? ಹಿಂಡದಿದ್ದರೆ ನಮ್ಮ ಮನೆಯಲ್ಲೂ ಎರಡು ಸೇರು ಇವೆ ಎಂದಾಯಿತು. ಬೇರೆ ಸಮುದಾಯದ ಓದುಗರು ಇದೇ ಪ್ರಶ್ನೆಯನ್ನು ತಿರುಗಿಸಿ ತಮ್ಮನ್ನು ತಾವು ಕೇಳಿಕೊಳ್ಳಬಹುದು.

ಸಾರ್ವಜನಿಕ ಸೊತ್ತು ಎಂದರೆ

ಸರಕಾರಿ ಒಡೆತನ ಕೆಟ್ಟದ್ದು, ಎಲ್ಲವನ್ನೂ ಖಾಸಗಿಯವರಿಗೆ ಕೊಟ್ಟುಬಿಡಬೇಕು ಎಂದು ಈ ಮಾತಿನ ಅರ್ಥವಲ್ಲ. ವಾಸ್ತವದಲ್ಲಿ ಇಸ್ಲಾಮೀ ಚಿಂತನೆ ಒಲಿಯುವುದು ಇದರ ವಿರುದ್ಧ ದಿಕ್ಕಿಗೆ. ಯೆಮೆನಿನ ಮಾರಿಬ್‌ನ ಉಪ್ಪಿನ ನಿಕ್ಷೇಪವನ್ನು ಅಬ್ಯದ್ ಬಿನ್ ಹಮ್ಮಾಲ್ ಎಂಬವರು ತಮಗೆ ಕೊಡಬೇಕೆಂದು ಕೇಳಿದಾಗ ಪ್ರವಾದಿ(ಸ) ಕೊಟ್ಟರು. ಅದು ಬತ್ತದ ನೀರಿನಂತೆ ಎಲ್ಲರಿಗೂ ಸುಲಭವಾಗಿ ದಕ್ಕುವ ಸಂಪತ್ತು ಎಂದು ಅಲ್ಲಿದ್ದವರು ತಿಳಿಸಿದಾಗ ಅದನ್ನು ಹಿಂದಕ್ಕೆ ಪಡೆದರು. ನೀರು, ಹುಲ್ಲುಗಾ​ವಲು ಮತ್ತು ಬೆಂಕಿಯನ್ನೂ ಅವರು ಯಾರೊಬ್ಬರ ಸೊತ್ತಾಗಲು ಬಿಡದೆ ಎಲ್ಲರ ಪಾಲಿನಲ್ಲಿ ಇಟ್ಟರು. ಬೆಂಕಿ ಎಂದರೆ ಇಂದಿನ ಇಂಧನವೂ ಸೇರುತ್ತದೆಂದು ಆಧುನಿಕ ವಿದ್ವಾಂಸರಲ್ಲಿ ಅನೇಕರು ವಿವರಿಸಿದ್ದಾರೆ. ನೆಲದಡಿಯ ಸಂಪತ್ತು ಜನರದು. ಸರಕಾರ ಅದರ ಕಾವಲುಗಾರ. ಅದು ಅಮಾನತ್.

ಆದರೆ ಯಾವ ಜನರದು? ಸುಡಾನಿನ ತೈಲದಲ್ಲಿ ಮೊದಲ ಪಾಲು ಅದರ ಮೇಲೆ ದನ ಮೇಯಿಸಿದವರದು. ನಮ್ಮ ಸರಕಾರಿ ಕಂಪೆನಿ ನಮ್ಮ ಅಮಾನತ್ತಿನ ಹಣ ಹಿಡಿದು ಅಲ್ಲಿಗೆ ಹೋದಾಗ, ಅದು ಎದುರುಗೊಳ್ಳುವುದು ಇನ್ನೊಂದು ಜನತೆಯ ಅಮಾನತ್ತನ್ನು. ಅಲ್ಲಿನ ಕಾವಲುಗಾರನೇ ಸುಲಿಗೆ ಮಾಡುತ್ತಿದ್ದರೆ, ಅವನ ಸಹಿಯಿದೆ ಎಂಬ ಕಾರಣಕ್ಕೆ ಆ ವ್ಯಾಪಾರ ಶುದ್ಧವಾಗುವುದಿಲ್ಲ.

ಖಲೀಫಾ ಉಮರ್(ರ) ಅವರ ಕಾಲದ ಒಂದು ಘಟನೆ ಇತಿಹಾಸ ಗ್ರಂಥಗಳಲ್ಲಿ ಬರುತ್ತದೆ. ಮದೀನಾದ ಪ್ರವಾದಿ ಮಸೀದಿಯನ್ನು ವಿಸ್ತರಿಸಬೇಕಾಗಿತ್ತು. ಪಕ್ಕದಲ್ಲಿ ಪ್ರವಾದಿಯವರ ಚಿಕ್ಕಪ್ಪ ಅಬ್ಬಾಸ್(ರ) ಅವರ ಮನೆ. ಬೆಲೆ ಕೊಡುತ್ತೇನೆಂದರೂ ಅವರು ಒಪ್ಪಲಿಲ್ಲ. ಮಸೀದಿಗಿಂತ ದೊಡ್ಡ ಸಾರ್ವಜನಿಕ ಉದ್ದೇಶ ಯಾವುದಿದ್ದೀತು? ಆದರೂ ಖಲೀಫರು ಮನೆ ಕೆಡವಿಸಲಿಲ್ಲ. ಉಬಯ್ಯ್ ಬಿನ್ ಕಅಬ್(ರ) ಅವರ ಮುಂದೆ ಇಬ್ಬರೂ ವಾದಿ ಪ್ರತಿವಾದಿಗಳಾಗಿ ನಿಂತರು. ಒಡೆಯನ ಒಪ್ಪಿಗೆಯಿಲ್ಲದೆ ಮನೆ ಪಡೆಯುವಂತಿಲ್ಲ ಎಂದು ತೀರ್ಪು ಖಲೀಫರ ವಿರುದ್ಧ ಬಂತು. ತೀರ್ಪು ಬಂದ ಮೇಲೆ ಅಬ್ಬಾಸ್(ರ) ತಾವಾಗಿಯೇ ಮನೆಯನ್ನು ಉಚಿತವಾಗಿ ಬಿಟ್ಟುಕೊಟ್ಟರು. ಕಸಿದುಕೊಂಡ ನೆಲಕ್ಕೂ ಕೇಳಿ ಪಡೆದ ನೆಲಕ್ಕೂ ಇರುವ ಅಂತರ ಇದು. ಅದೇ ಖಲೀಫರು ಇರಾಕಿನ ಫಲವತ್ತಾದ ಭೂಮಿಯನ್ನು ಗೆದ್ದ ಸೈನಿಕರಿಗೆ ಹಂಚಲು ಒಪ್ಪಲಿಲ್ಲ. ಮುಂದೆ ಹುಟ್ಟುವವರಿಗೆ ಏನು ಉಳಿಯುತ್ತದೆ ಎಂಬುದೇ ಅವರ ಪ್ರಶ್ನೆಯಾಗಿತ್ತು.

ವ್ಯವಹಾರದ ಷರತ್ತುಗಳನ್ನು ತಿಳಿಸಿ ಎಂದು ಕೇಳುವುದು ನಮ್ಮ ನೆಲಕ್ಕೂ ಹೊಸದಲ್ಲ. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ರೈಲುದಾರಿ 1874ರಲ್ಲಿ ನಿಜಾಮರ ಹಣದ ಬಲದಿಂದ ಶುರುವಾಯಿತು. 1883ರಲ್ಲಿ ಅದನ್ನು ಚಾಂದಾದವರೆಗೆ ಬೆಳೆಸುವ ಯೋಜನೆ ಬಂದಾಗ, ಷರತ್ತುಗಳನ್ನು ಪ್ರಕಟಿಸಿ, ಜನರ ಮುಂದೆ ಚರ್ಚೆಯಾಗಲಿ ಎಂದು ಹೈದರಾಬಾದಿನ ನಾಗರಿಕರು ಒತ್ತಾಯಿಸಿದರು. ಅಘೋರನಾಥ ಚಟ್ಟೋಪಾಧ್ಯಾಯ ಮತ್ತು ಮುಲ್ಲಾ ಅಬ್ದುಲ್ ಖಯ್ಯೂಂ ಅವರಲ್ಲಿ ಪ್ರಮುಖರು. ಅಘೋರನಾಥರನ್ನು ಸಂಸ್ಥಾನದಿಂದ ಹೊರಹಾಕಲಾಯಿತು. ಒಬ್ಬ ಹಿಂದೂ, ಒಬ್ಬ ಮುಸ್ಲಿಂ ಸೇರಿ ಕೇಳಿದ್ದು ಸರಳ ಪ್ರಶ್ನೆ: ನಮ್ಮ ಹೆಸರಿನಲ್ಲಿ ನೀವು ಏನು ಬರೆದುಕೊಡುತ್ತಿದ್ದೀರಿ?

ಒಂದೇ ಅಳತೆ

2011ರ ಜುಲೈ 9ರಂದು ದಕ್ಷಿಣ ಸುಡಾನ್ ಬೇರೆ ದೇಶವಾಯಿತು. ತೈಲದ ಬಹುಪಾಲು ದಕ್ಷಿಣಕ್ಕೆ, ಕೊಳವೆ ಮತ್ತು ಬಂದರು ಉತ್ತರಕ್ಕೆ ಹೋದವು. ಸಾಗಣೆ ಶುಲ್ಕದ ಜಗಳದಲ್ಲಿ 2012ರ ಜನವರಿಯಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ದಕ್ಷಿಣ ತನ್ನ ಬಾವಿಗಳನ್ನೇ ಮುಚ್ಚಿತು. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಯುದ್ಧ ಶುರುವಾಯಿತು. 2024ರ ಆರಂಭದಲ್ಲಿ ದಕ್ಷಿಣದ ತೈಲ ಸಾಗಿಸುವ ಇನ್ನೊಂದು ಮುಖ್ಯ ಕೊಳವೆ ಯುದ್ಧದ ನಡುವೆ ಒಡೆದು ತಿಂಗಳುಗಟ್ಟಲೆ ರಫ್ತು ನಿಂತಿತು. ಅನ್ಯಾಯದ ಮೇಲೆ ಹಾಸಿದ ಕೊಳವೆ ವ್ಯಾಪಾರದ ದೃಷ್ಟಿಯಿಂದಲೂ ಗಟ್ಟಿಯಲ್ಲ ಎಂದು ಇದರಿಂದ ಹೇಳಬಹುದು. ಆದರೆ ನಷ್ಟವಾಗುತ್ತದೆಂಬ ಭಯದಿಂದ ನ್ಯಾಯ ಪಾಲಿಸುವುದು ವರ್ತಕನ ಜಾಣ್ಮೆ ಮಾತ್ರ. ಲಾಭವಾದಾಗಲೂ ಅದು ಅನ್ಯಾಯವೇ.

ಹಾಗಾದರೆ ಏನು ಮಾಡಬೇಕು? ತೈಲ ಬೇಡ ಎನ್ನುವುದು ಉತ್ತರವಲ್ಲ. ಶಹಾಬಾದಿನ ಕಲ್ಲಿನ ಲಾರಿಗೆ ಬಿದ್ದ ಡೀಸೆಲ್ ಯಾವ ದೇಶದ ಬಾವಿಯದೆಂದು ಪತ್ತೆ ಹಚ್ಚಲು ಚಾಲಕನಿಗೆ ಸಾಧ್ಯವಿಲ್ಲ. ಪಾಪದ ಹೊರೆಯನ್ನು ಅವನ ತಲೆಗೆ ಕಟ್ಟುವುದೂ ಅನ್ಯಾಯ. ಆದರೆ ಪ್ರಜೆಗಳಾಗಿ ನಾವೆಲ್ಲ ಕೂಡಿ ಕೇಳಬಹುದಾದುದಿದೆ. ನಮ್ಮ ಹಣ ಹೊರದೇಶದ ಬಾವಿಗೂ ಕೊಳವೆಗೂ ಹೋಗುವ ಮುನ್ನ, ಆ ನೆಲದ ಜನರ ಸ್ಥಿತಿಯೇನು ಎಂಬ ವರದಿ ಸಂಸತ್ತಿನ ಮುಂದೆ ಬರಲಿ. ಕಂಪೆನಿಯ ಹಣದ ಲೆಕ್ಕ ತಪಾಸಣೆಯಾಗುವಂತೆ ಅದರ ನಡತೆಯ ಲೆಕ್ಕವೂ ತಪಾಸಣೆಯಾಗಲಿ. ಇದು ಆಗದ ಮಾತೇನೂ ಅಲ್ಲ. ತನ್ನ ತೈಲದ ಗಳಿಕೆಯನ್ನು ಹೂಡಿಕೆ ಮಾಡುವ ನಾರ್ವೆ ದೇಶದ ಸರಕಾರಿ ನಿಧಿಗೆ 2004ರಿಂದ ಒಂದು ನೀತಿ ಮಂಡಳಿ ಇದೆ. ಮಾನವ ಹಕ್ಕುಗಳ ಗಂಭೀರ ಉಲ್ಲಂಘನೆಯಲ್ಲಿ ಪಾಲಿರುವ ಕಂಪೆನಿಗಳನ್ನು ಕೈಬಿಡುವಂತೆ ಅದು ಸಲಹೆ ಮಾಡುತ್ತಾ ಬಂದಿದೆ. ನಮ್ಮಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಸರಕಾರಿ ಕಂಪೆನಿಗಳಿಗೂ ಅನ್ವಯಿಸುತ್ತದೆ. ಕೇಳುವವರು ಬೇಕು.

ಯಾವ ಪ್ರಶ್ನೆ ಕೇಳಬೇಕೆಂದು ಯಾರಿಂದಲೂ ಕಲಿಯಬೇಕಾಗಿಲ್ಲ. ಕುರಕುಂಟಾದ ನಿಂತ ಕಾರ್ಖಾನೆಯ ಮುಂದೆ, ಕಾಗಿಣಾ ದಂಡೆಯ ಗಣಿಗಳ ಅಂಚಿನಲ್ಲಿ, ಕೊಳವೆ ಹಾದ ಹೊಲದ ಬದುವಿನಲ್ಲಿ ನಮ್ಮವರು ಕೇಳುವ ಆ ಮೂರು ಮಾತುಗಳೇ ಸಾಕು. ಕೇಳಿದಿರಾ, ಸರಿಯಾಗಿ ಬೆಲೆ ಕಟ್ಟಿದಿರಾ, ಹೋಗುವಾಗ ಏನು ಬಿಟ್ಟಿರಿ. ನಮ್ಮ ಹೊಲಕ್ಕಾಗಿ ಇದನ್ನು ಕೇಳುವಾಗ ಬೆಂಟಿಯುವಿನ ದನಗಾಹಿಗಾಗಿಯೂ ಕ್ಯಾಕ್‌ಪ್ಯೂವಿನ ಬೆಸ್ತನಿಗಾಗಿಯೂ ನಮ್ಮದೇ ಕಂಪೆನಿಯನ್ನು ಕೇಳಿದರೆ, ಮನೆಯಲ್ಲಿ ಒಂದೇ ಸೇರು ಉಳಿಯುತ್ತದೆ.